ಎಚ್ ಎಲ್ಲಿ, ಹೆಚ್ ಎಲ್ಲಿ?

“ಏನ್ ಮಾಸ್ತರ, ಪಿಎಚ್.ಡಿ. ಅಂದ್ರ ಬರೇ ಚುಕ್ಕಿ ಇಡೂದೇನ್ರಿ?”

ಕಂಪೌಂಡಿನ ಮೇಲೆ ಮೊಳಕೈ ಊರಿ ನಿಂತ ಬಾಜೂ ಮನೆಯ ಕಾಕಾ ಕೇಳಿದರು. ಅವರದು ಬೆಲ್ಲದ ಅಡತಿ ಅಂಗಡಿ. ಪೇಟೆಯಲ್ಲಿ ಸವಾಲು ಶುರುವಾಗುವ ತನಕ ನನ್ನ ಜೋಡಿ ಹರಟೆ. ಅವರ ಸೊಸೆ ಕನ್ನಡದಲ್ಲಿ ಮಹಾಪ್ರಬಂಧ ಬರೆಯುತ್ತಿದ್ದಾಳೆ. ಬರೆಯುವುದೆಲ್ಲ ಮುಗಿದು ಈಗ ಗ್ರಂಥಋಣದ ಹಾಳೆ ಹರವಿಕೊಂಡು ಕೂತಿದ್ದಾಳೆ.

“ಒಬ್ಬರು ಇಸವಿ ಮೊದಲ ಅಂತಾರಂತ, ಇನ್ನೊಬ್ಬರು ಪುಟ ಮೊದಲ ಅಂತಾರಂತ. ಹುಡುಗಿ ಸರಿಯಾಗಿ ಉಣ್ಣವಲ್ಲಳು.”

ಇಬ್ಬರು ಹೇಳಿದ್ದೂ ಸುಳ್ಳಲ್ಲ. ಆಕರ ಬರೆಯುವ ಎಂಎಲ್ಎ ಪದ್ಧತಿ ಸಾಹಿತ್ಯದವರದು, ಅದಕ್ಕೆ ಪುಟಸಂಖ್ಯೆ ಬೇಕು. ಎಪಿಎ ಮನಃಶಾಸ್ತ್ರದವರದು, ಅದಕ್ಕೆ ಇಸವಿಯ ಮೇಲೆ ಕಣ್ಣು. ಶಿಕಾಗೋ ಪದ್ಧತಿಯವರಿಗೆ ಅಡಿಟಿಪ್ಪಣಿಯ ಮೇಲೆ ಪ್ರೀತಿ. ಮೂರೂ ಅಮೆರಿಕದಲ್ಲಿ ಹುಟ್ಟಿದವು. ಅವುಗಳನ್ನು ಮಾಡಿದವರ ಮುಂದೆ ಎಚ್.ಎಸ್. ವೆಂಕಟೇಶಮೂರ್ತಿ ಇರಲಿಲ್ಲ ನೋಡಿ!

ಅಡ್ಡಹೆಸರು ಮೊದಲು ಬರೆಯಿರಿ ಎನ್ನುತ್ತಾರೆ. ನಮ್ಮ ಕಡೆಯವರಿಗೆ ಅದು ಸಲೀಸು. ಕಲಬುರ್ಗಿ ಎಂ.ಎಂ., ಹಿರೇಮಠ ಆರ್.ಸಿ., ಬೇಂದ್ರೆ ದ.ರಾ., ಮುಗಿಯಿತು. ಮೈಸೂರು ಕಡೆಯವರಲ್ಲಿ ಬಹಳ ಮಂದಿಗೆ ಅಡ್ಡಹೆಸರೇ ಇಲ್ಲ, ಮುಂದೆ ಎರಡು ಇನಿಷಿಯಲ್ ಅಷ್ಟೇ. ಇನಿಷಿಯಲ್ ಹಿಡಿದು ಅಕಾರಾದಿ ಮಾಡಲು ಹೋದರೆ ಇನ್ನೂ ಮಜಾ. ಎಂ. ಚಿದಾನಂದಮೂರ್ತಿ, ಎಲ್. ಬಸವರಾಜು, ಎಸ್.ಎಲ್. ಭೈರಪ್ಪ ಎಲ್ಲರೂ ‘ಎ’ ಅಕ್ಷರದಡಿ ಬಂದು ಗುಂಪುಗೂಡುತ್ತಾರೆ. ವೆಂಕಟೇಶಮೂರ್ತಿಯವರಂತೂ ‘ಎಚ್’ ಬರೆದರೆ ‘ಎ’ದಲ್ಲಿ, ‘ಹೆಚ್’ ಬರೆದರೆ ‘ಹ’ದಲ್ಲಿ. ಒಂದೇ ಪ್ರಬಂಧದಲ್ಲಿ ಒಬ್ಬರೇ ಎರಡು ಕಡೆ ಕೂತದ್ದನ್ನು ನಾನೇ ನೋಡಿದ್ದೇನೆ. ಪುಸ್ತಕದ ಮುಖಪುಟದ ಒಳಗಿನ ಹಾಳೆಯಲ್ಲಿ ಹೆಸರು ಹೇಗಿದೆಯೋ ಹಾಗೇ ಇಟ್ಟು, ಅಡ್ಡಹೆಸರಿಲ್ಲದವರನ್ನು ಅವರ ಸ್ವಂತ ಹೆಸರಿನ ಅಕ್ಷರದಡಿ ಸೇರಿಸುವುದೇ ವಾಸಿ. ಕುವೆಂಪು ಅಂತ ಇದ್ದರೆ ಕುವೆಂಪು. ಅವರನ್ನು ಎಳೆದು ತಂದು ‘ಪುಟ್ಟಪ್ಪ ಕೆ.ವಿ.’ ಮಾಡಬೇಕಾಗಿಲ್ಲ.

“ಅಲ್ಲ ಮಾಸ್ತರ, ಹಿಂಗ್ ಬರದ್ರೇನು, ಹಂಗ್ ಬರದ್ರೇನು? ಪುಸ್ತಕಂತೂ ಅದ ಅಲ್ಲ?”

“ಕಾಕಾರ, ಚುಕ್ಕಿ ಎಲ್ಲಿ ಇಟ್ರೂ ನಡೀತೈತಿ, ಎಲ್ಲಾ ಕಡೆ ಒಂದೇ ನಮೂನಿ ಇದ್ರ ಸಾಕು. ಆದ್ರ ಯಾವ ಮುದ್ರಣ ಅಂತ ಬರೀಲಿಲ್ಲಂದ್ರ ಓದಾವ ದಾರಿ ತಪ್ಪತಾನ.”

ಶ್ರವಣಬೆಳಗೊಳದ ಶಾಸನಗಳನ್ನೇ ತೆಗೆದುಕೊಳ್ಳಿ. ಬಿ.ಎಲ್. ರೈಸ್ 1889ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 2ನೆಯ ಸಂಪುಟ ತಂದಾಗ ಅಲ್ಲಿದ್ದದ್ದು 144 ಶಾಸನ. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನೇ ಪರಿಷ್ಕರಿಸಿ 500ಕ್ಕೆ ಏರಿಸಿದರು. ಮೈಸೂರು ವಿಶ್ವವಿದ್ಯಾನಿಲಯದವರ 1973ರ ಆವೃತ್ತಿಯಲ್ಲಿ 573 ಆದವು. ಈಗ ಯಾರಾದರೂ ‘ಎ.ಕ. 2, ಶ್ರವಣಬೆಳಗೊಳ 120’ ಎಂದಷ್ಟೇ ಬರೆದರೆ ಮೂರು ಪುಸ್ತಕ ಬಿಚ್ಚಿ ಕೂಡಬೇಕು. ಹಳೆಯ ಪ್ರಬಂಧದಿಂದ ಸಂಖ್ಯೆ ಎತ್ತಿ ಹೊಸ ಆವೃತ್ತಿಯ ಹೆಸರು ಹಚ್ಚುವವರ ಗತಿ ಹೇಳುವುದೇ ಬೇಡ.

ನಮ್ಮ ಭಾಗದ ಶಾಸನಗಳು ಆ ಸಂಪುಟಗಳಲ್ಲಿ ಸಿಗುವುದೂ ಇಲ್ಲ. ನಾವಿದ್ದದ್ದು ಮುಂಬಯಿ ಕಡೆ. ತೇರದಾಳದ ಶಾಸನ ಬೇಕೆಂದರೆ ಕೆ.ಬಿ. ಪಾಠಕರು ಇಂಡಿಯನ್ ಆಂಟಿಕ್ವರಿಯ 14ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ್ದನ್ನು ನೋಡಬೇಕು. ಮುಧೋಳ ತಾಲೂಕಿನ ಹಲಗಲಿ ಬೇಡರ ಲಾವಣಿಯನ್ನು ಅದೇ ಪತ್ರಿಕೆಗೆ ಕೊಟ್ಟವನು ಫ್ಲೀಟ್ ಸಾಹೇಬ. ಮುಂದೆ ಬಿ.ಎಸ್. ಗದ್ದಗಿಮಠರ ಜನಪದ ಗೀತೆಗಳ ಸಂಗ್ರಹದಲ್ಲಿ ಬಂತು, ಆಮೇಲೆ ಹತ್ತನೆಯ ತರಗತಿಯ ಪಠ್ಯಕ್ಕೆ ಇಳಿಯಿತು. ಈಗಿನ ಪ್ರಬಂಧಗಳಲ್ಲಿ ಎಷ್ಟೋ ಸಲ ಆಕರ ಎಂದು ಕಾಣುವುದು ಆ ಪಠ್ಯಪುಸ್ತಕ ಒಂದೇ. ಲಾವಣಿಕಾರನೋ ಕುರ್ತಕೋಟಿ ಊರಿನ ಹೆಸರನ್ನು ಹಾಡಿನೊಳಗೇ ಹೆಣೆದಿಟ್ಟು ಹೋಗಿದ್ದಾನೆ. ಪುಸ್ತಕ ಓದಿದವರಿಗೆ ಅದನ್ನು ಬರೆದಿಡಲು ಏನು ಧಾಡಿ?

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನೇ ಕೇಳಿದೆ: “ನಿಮ್ಮ ಅಂಗಡ್ಯಾಗಿನ ಪೆಂಟಿಗೆ ಕೋಲ್ಹಾಪುರದ್ದಂತ ಚೀಟಿ ಹಚ್ಚಿ ಮಾರಿದ್ರ ನಡೀತೈತೇನ್ರಿ?”

“ಯಾಂವ ಅಂವ? ಮಹಾಲಿಂಗಪುರದ ಬೆಲ್ಲ ಮಹಾಲಿಂಗಪುರದ್ದ!”

ಹಂಗಾದರೆ ವಚನಗಳದ್ದೂ ಅದೇ ಲೆಕ್ಕ. ಕೂಡಲಸಂಗಮ ನಮ್ಮ ಜಿಲ್ಲೆಯದೇ. ಬಸವಣ್ಣನವರ ಅಂಕಿತ ಕೂಡಲಸಂಗಮದೇವ. ಅಂಕಿತವೆಂದರೆ ಯಾರ ವಚನ ಎಂದು ಹೇಳುವ ಗುರುತು. ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಯಲ್ಲಿ ಕೂಡಲಸಂಗಮದೇವ ಹೋಗಿ ಲಿಂಗದೇವ ಬಂದಾಗ ಎಷ್ಟು ಗದ್ದಲವಾಯಿತು! 1998ರಲ್ಲಿ ಸರಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಪ್ರಬಂಧ ಬರೆಯುವವರು ಅಂಕಿತ ಬಿಟ್ಟು ಅರ್ಧ ವಚನ ಉದ್ಧರಿಸಿ, ಕೆಳಗೆ ‘ಶರಣರ ವಚನ’ ಎಂದು ಗೀಚಿದರೆ ಗದ್ದಲವೇನೂ ಆಗುವುದಿಲ್ಲ. ಆದರೂ ತಪ್ಪು ತಪ್ಪೇ. ಸಮಗ್ರ ವಚನ ಸಂಪುಟದ ಸಂಖ್ಯೆ, ವಚನದ ಸಂಖ್ಯೆ, ಇಷ್ಟು ಹಾಕಿದರೆ ಓದುಗ ನೆಟ್ಟಗೆ ಅಲ್ಲಿಗೆ ಹೋಗುತ್ತಾನೆ.

“ಮತ್ತ ಆ ಕಂಪ್ಯೂಟರದಾಗ ನಕಲು ಹಿಡೀತಾರಂತಲ್ಲ?”

ಹಿಡಿಯುತ್ತಾರೆ. ಯುಜಿಸಿಯ 2018ರ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ಶಿಕ್ಷೆಯಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಆಕರ ಕೊಟ್ಟು ಉದ್ಧರಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದು ಆ ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ಅದಕ್ಕೇ ಯೂನಿಕೋಡಿಗೆ ಬದಲಿಸಿ ಕೊಡಿ ಎನ್ನುವುದು. ಯಂತ್ರಕ್ಕೆ ಹೆದರಿ ಟಿಪ್ಪಣಿ ಹಾಕುವವರ ಬಗ್ಗೆ ನನಗೇನೂ ಗೌರವವಿಲ್ಲ. ‘ಕವಿರಾಜಮಾರ್ಗ’ಕ್ಕೆ ಯಾವ ಯಂತ್ರದ ಅಂಜಿಕೆಯೂ ಇರಲಿಲ್ಲ. ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಅಂತ ತನಗಿಂತ ಹಿಂದಿನ ಗದ್ಯಕಾರರ ಹೆಸರು ಹೇಳಿತು. ಅವರ ಕನ್ನಡ ಗದ್ಯ ಒಂದೂ ಉಳಿದಿಲ್ಲ, ಹೆಸರು ಮಾತ್ರ ಆ ಪುಸ್ತಕದ ದಯದಿಂದ ಉಳಿದಿವೆ.

ಕಾಕಾ ಗಡಿಯಾರ ನೋಡಿ ಪೇಟೆಗೆ ನಡೆದರು. ನಿಮ್ಮ ಮನೆಯಲ್ಲೂ ಪ್ರಬಂಧ ಬರೆಯುವವರಿದ್ದರೆ ಇಷ್ಟು ಹೇಳಿ: ಪುಸ್ತಕ ಕೈಯಲ್ಲಿದ್ದಾಗಲೇ ಲೇಖಕರ ಹೆಸರು, ಪ್ರಕಾಶಕರು, ಮುದ್ರಣದ ಇಸವಿ, ಸಂಪುಟ, ಪುಟ ಬರೆದಿಟ್ಟುಕೊಳ್ಳಲಿ. ಗ್ರಂಥಾಲಯಕ್ಕೆ ಪುಸ್ತಕ ತಿರುಗಿ ಕೊಟ್ಟ ಮೇಲೆ ನೆನಪಿನಿಂದ ಪುಟಸಂಖ್ಯೆ ಹಾಕುವುದು ಬೇಡ.