ಬರೆದು, ಕೆಡಿಸಿ, ಮತ್ತೆ ಬರೆದು

ರಾಯರೇ, ನಿಮ್ಮ ಮಗಳು ಬೆಳಿಗ್ಗೆ ಜಗಲಿ ಮೇಲೆ ಶತಪಥ ಹಾಕ್ತಾ ‘ಎನ್‌ಕ್ಯಾಪ್ಸುಲೇಶನ್ ಅಂದ್ರೆ...’ ಅಂತ ಉರು ಹೊಡೀತಿದ್ದದ್ದು ಬೇಲಿ ಈಚೆಗೂ ಕೇಳಿಸ್ತು. ಶ್ರದ್ಧೆ ಇರೋ ಹುಡುಗಿ, ನೋಡಿದ್ರೆ ಖುಷಿಯಾಗುತ್ತೆ. ಆದ್ರೆ ಜಾವಾ ಪ್ರೋಗ್ರಾಮಿಂಗ್ ಉರು ಹೊಡೆದ್ರೆ ಬರೋ ವಿದ್ಯೆ ಅಲ್ಲ ರೀ. ಬರೀಬೇಕು, ಬೇಕಂತಲೇ ಕೆಡಿಸಬೇಕು, ಮತ್ತೆ ಬರೀಬೇಕು.

ಒಂದು ಸಣ್ಣ ಅಭ್ಯಾಸ ಹೇಳ್ತೀನಿ, ಮಾಡಿಸಿ. ಬ್ಯಾಂಕ್ ಖಾತೆಗೆ ಒಂದು ಕ್ಲಾಸ್ ಬರೀಲಿ. ಒಳಗೆ ಬ್ಯಾಲೆನ್ಸು, ದುಡ್ಡು ಕಟ್ಟೋಕೊಂದು ಮೆಥಡ್, ತೆಗೆಯೋಕೊಂದು. ಮೊದಲು ಬ್ಯಾಲೆನ್ಸನ್ನ ಪಬ್ಲಿಕ್ ಅಂತಲೇ ಇಟ್ಟು, ಬೇರೆ ಕ್ಲಾಸಿನಿಂದ ನೇರವಾಗಿ ಮೈನಸ್ 5000 ತುಂಬಲಿ. ಕಂಪೈಲರ್ ತುಟಿಪಿಟಿಕ್ ಅನ್ನಲ್ಲ, ಖಾತೆ ಕೆಟ್ಟು ಕೂತಿರುತ್ತೆ. ಈಗ ಪಬ್ಲಿಕ್ ತೆಗೆದು ಪ್ರೈವೇಟ್ ಅಂತ ಬರೀಲಿ. ಅದೇ ಸಾಲನ್ನ ಕಂಪೈಲರ್ ಒಳಕ್ಕೇ ಬಿಡಲ್ಲ. ಇನ್ನು ದುಡ್ಡು ತೆಗೀಬೇಕಂದ್ರೆ ಮೆಥಡ್ ಮೂಲಕವೇ ಬರಬೇಕು, ‘ಇಷ್ಟು ಇದೆಯಾ?’ ಅನ್ನೋ ಪರಿಶೀಲನೆಯನ್ನ ಅಲ್ಲಿ ಇಟ್ಟರಾಯ್ತು. ಬೆಳಿಗ್ಗೆಯಿಂದ ಉರು ಹೊಡೀತಿರೋ ಎನ್‌ಕ್ಯಾಪ್ಸುಲೇಶನ್ ಇಷ್ಟೇ ನೋಡಿ.

‘ಪರೀಕ್ಷೇಲಿ ವ್ಯಾಖ್ಯೆ ಕೇಳ್ತಾರಲ್ಲ’ ಅಂತೀರಾ? ಇದನ್ನ ಮಾಡಿದೋಳು ವ್ಯಾಖ್ಯೆಯನ್ನ ತನ್ನ ಮಾತಲ್ಲೇ ಬರೀತಾಳೆ, ಬಿಡಿ.

ಈ ಕ್ಲಾಸು, ಅದರಿಂದ ಮಾಡೋ ಆಬ್ಜೆಕ್ಟು ಹುಟ್ಟಿದ್ದೂ ಕೆಲಸದಿಂದಲೇ. 1960ರ ದಶಕದಲ್ಲಿ ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಡಾಲ್, ನ್ಯೂಗಾರ್ಡ್ ಅನ್ನೋ ಇಬ್ಬರು, ಸರತಿ ಸಾಲಿನಂಥ ನಿಜವಾದ ವ್ಯವಹಾರಗಳನ್ನ ಕಂಪ್ಯೂಟರಲ್ಲಿ ನಡೆಸಿ ನೋಡೋಕೆ ಸಿಮ್ಯುಲಾ ಭಾಷೆ ಕಟ್ಟಿದ್ರು. ಅದರ 1967ರ ರೂಪದಲ್ಲಿ ಕ್ಲಾಸ್ ಬಂತು. 1995ರಲ್ಲಿ ಹೊರಬಂದ ಜಾವಾ ಅದೇ ವಂಶದ್ದು.

ನನಗೆ ತುಂಬಾ ಇಷ್ಟವಾದ ಅಭ್ಯಾಸ ಇನ್ನೊಂದಿದೆ. ‘ಎ’, ‘ಬಿ’ ಅಂತ ಇಂಟೀಜರ್ ಬಗೆಯ ಎರಡು ಹೆಸರು ಮಾಡಿ ಎರಡಕ್ಕೂ ನೇರವಾಗಿ 127 ಕೊಡಿ. ಎರಡು ಸಮ ಚಿಹ್ನೆ ಹಾಕಿ ಹೋಲಿಸಿದ್ರೆ ‘ಟ್ರೂ’ ಅನ್ನುತ್ತೆ. 128 ಕೊಟ್ಟು ನೋಡಿ, ‘ಫಾಲ್ಸ್’! ಮೈನಸ್ 128ರಿಂದ 127ರವರೆಗಿನ ಆಬ್ಜೆಕ್ಟುಗಳನ್ನ ಜಾವಾ ಮೊದಲೇ ಮಾಡಿಟ್ಟುಕೊಂಡಿರುತ್ತೆ, ಹಾಗಾಗಿ ಎರಡು ಹೆಸರೂ ಒಂದನ್ನೇ ತೋರಿಸ್ತವೆ. ಅದನ್ನ ದಾಟಿದ್ರೆ ಸಾಮಾನ್ಯವಾಗಿ ಬೇರೆ ಬೇರೆ ಆಬ್ಜೆಕ್ಟು. ಆ ಚಿಹ್ನೆ ಕೇಳೋದು ‘ಇದೇ ಆಬ್ಜೆಕ್ಟಾ?’ ಅಂತ. ಬೆಲೆ ಒಂದೇನಾ ಅಂತ ಕೇಳೋಕೆ ‘ಈಕ್ವಲ್ಸ್’ ಬೇಕು. ಆಬ್ಜೆಕ್ಟು ಬೇರೆ, ಅದನ್ನ ತೋರಿಸೋ ಹೆಸರು ಬೇರೆ ಅನ್ನೋದು ಇಲ್ಲಿ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತೆ.

ಆಮೇಲೆ ಉಳಿತಾಯ ಖಾತೆಯನ್ನ ಆ ಮೊದಲ ಕ್ಲಾಸಿನಿಂದಲೇ ಬೆಳೆಸಿ, ಕನಿಷ್ಠ 1000 ರೂಪಾಯಿ ಉಳೀಬೇಕು ಅನ್ನೋ ನಿಯಮ ಹಾಕಲಿ. ಎರಡೂ ಬಗೆಯ ಖಾತೆಗಳನ್ನ ಒಂದೇ ಪಟ್ಟಿಯಲ್ಲಿಟ್ಟು ದುಡ್ಡು ತೆಗೆಸಲಿ. ಒಂದೇ ಆಜ್ಞೆಗೆ ಒಂದೊಂದೂ ತನ್ನ ನಿಯಮದಂತೆ ನಡೆಯೋದು ನೋಡಿದ್ರೆ ಪಾಲಿಮಾರ್ಫಿಸಮ್ ತಾನಾಗೇ ತಿಳಿಯುತ್ತೆ.

ಹಳೇ ಲ್ಯಾಪ್‌ಟಾಪೇ ಸಾಕು, ಓಪನ್‌ಜೆಡಿಕೆ ಪುಕ್ಕಟೆ ಸಿಗುತ್ತೆ. ಒಂದೇ ಒಂದು ಮಾತು: ಸಿಕ್ಕಿಹಾಕ್ಕೊಂಡ ತಕ್ಷಣ ಉತ್ತರ ನಕಲು ಮಾಡೋದು ಬೇಡ. ಎರರ್ ಮೆಸೇಜನ್ನ ಸಾಲು ಸಂಖ್ಯೆ ಸಮೇತ ಪೂರ್ತಿ ಓದಲಿ. ಅಷ್ಟಾದ ಮೇಲೂ ಬಗೆಹರೀದೇ ಇದ್ರೆ ಇತ್ತ ಕಳಿಸಿ, ಕೂತು ನೋಡೋಣ.