ನೆಗ್ಗಿದ ಡಬ್ಬಿಯ ರಾಯರು

ಅಮೆರಿಕದ ಯಾವ ಊರಿನ ಕನ್ನಡ ಕೂಟಕ್ಕೆ ಹೋದರೂ ಇವರೊಬ್ಬರು ಸಿಕ್ಕೇ ಸಿಗುತ್ತಾರೆ. ಎಂಬತ್ತರ ದಶಕದಲ್ಲಿ ಬಂದವರು, ಎಂಜಿನಿಯರಾಗಿ ದುಡಿದು ನಿವೃತ್ತರಾದವರು. ಮನೆ ಸಾಲ ಎಂದೋ ತೀರಿದೆ, ಮಕ್ಕಳು ಡಾಕ್ಟರೋ ವಕೀಲರೋ ಆಗಿ ದೂರದ ರಾಜ್ಯದಲ್ಲಿದ್ದಾರೆ. ಓಡಾಡುವುದು ಲೆಕ್ಸಸ್ ಕಾರಿನಲ್ಲಿ. ಆ ಕಾರಿನ ಡಿಕ್ಕಿ ತೆಗೆದರೆ ಮಾತ್ರ ಹೊಟ್ಟೆ ಒಳಕ್ಕೆ ಹೋದ ಟೊಮೇಟೊ ಡಬ್ಬಿ, ಸೊಂಟ ಉಳುಕಿದ ಕಾಬೂಲಿ ಕಡಲೆ, ತಲೆ ವಾಲಿದ ಅನಾನಸು. ಊರಿಗೊಂದು ಹೆಸರಿರಬಹುದು, ನಾವು ರಾಯರು ಅನ್ನೋಣ.

ರಾಯರು ಜಿಪುಣರು ಎಂದರೆ ನಾನು ಒಪ್ಪುವುದಿಲ್ಲ. ಜಿಪುಣನಿಗೆ ಕಡಿಮೆ ಬೆಲೆ ಸಿಕ್ಕರೆ ಸಾಕು. ರಾಯರಿಗೆ ಆ ಕಡಿಮೆ ಬೆಲೆಗೆ ಒಂದು ಕಾರಣ ಬೇಕು, ಅದೂ ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು. ಒಮ್ಮೆ ಇಂಡಿಯನ್ ಸ್ಟೋರಿನವನು ದಾಸ್ತಾನು ಖಾಲಿ ಮಾಡುವುದಕ್ಕೆಂದು ಹೊಚ್ಚ ಹೊಸ, ನುಣುಪಾದ ಮಾವಿನ ಡಬ್ಬಿಗಳನ್ನು ಅರ್ಧ ಬೆಲೆಗೆ ಇಟ್ಟ. ಜನ ಪೆಟ್ಟಿಗೆಗಟ್ಟಲೆ ಹೊತ್ತರು. ರಾಯರು ಒಂದನ್ನು ಎತ್ತಿ, ತಿರುಗಿಸಿ, ತಾರೀಖು ಓದಿ, ಮೂಸಿ ನೋಡಿ, ಹಾಗೇ ಇಟ್ಟುಬಿಟ್ಟರು. "ಐಬು ಕಾಣಿಸಿದರೆ ಅದಕ್ಕೊಂದು ಬೆಲೆ ಕಟ್ಟಬಹುದು ಸ್ವಾಮಿ. ಕಾಣದ ಐಬಿಗೆ ಎಷ್ಟು ಅಂತ ಕಟ್ಟೋದು?" ಎಂದರು.

ಇಲ್ಲಿನ ಸೂಪರ್ ಮಾರ್ಕೆಟ್ಟುಗಳಲ್ಲಿ ಪೆಟ್ಟು ತಿಂದ ಸಾಮಾನನ್ನು ಎದುರಿಗೆ ಇಡುವ ಪದ್ಧತಿಯಿಲ್ಲ. ಹಾಲು ಮೊಸರಿನ ಸಾಲು ದಾಟಿ, ಶೌಚಾಲಯಕ್ಕೆ ತಿರುಗುವ ಓಣಿಯಲ್ಲಿ ಒಂದು ಗಾಲಿ ಕಪಾಟು ನಿಂತಿರುತ್ತದೆ. ಅಂಗಡಿಯ ಬಾಗಿಲಲ್ಲಿ ರಾಯರನ್ನು ಬಿಟ್ಟು ಕಣ್ಣು ಕಟ್ಟಿದರೂ ನೇರ ಅಲ್ಲಿಗೇ ನಡೆಯುತ್ತಾರೆ. ಕನ್ನಡಕ ಹಣೆಗೇರುತ್ತದೆ. ಡಬ್ಬಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ಒಂದು ಸುತ್ತು ತಿರುಗಿಸುತ್ತಾರೆ. ಆಮೇಲೆ ಹೆಬ್ಬೆರಳು ಮೇಲಿನ ಅಂಚಿನ ಗುಂಟ ಮೆಲ್ಲಗೆ ಹರಿದು, ಮುಚ್ಚಳವೂ ಮೈತಗಡೂ ಒಂದನ್ನೊಂದು ಮಡಿಚಿ ಬಿಗಿದುಕೊಂಡಿರುವ ಆ ಜೋಡಿ ಹೊಲಿಗೆಯನ್ನು ಪೂರ್ತಿ ಒಂದು ಸುತ್ತು ತಡವುತ್ತದೆ. ಬಳಿಕ ಪಕ್ಕದ ಬೆಸುಗೆ, ಕೊನೆಗೆ ತಳ. ಮುಚ್ಚಳದ ನಡುವೆ ಒತ್ತಿದಾಗ ಟಕ್ಕೆಂದು ಒಳಗೆ ಹೋಗಿ ಮತ್ತೆ ಮೇಲೆದ್ದರೆ ಮುಖ ಗಂಟಿಕ್ಕಿ, ಅದನ್ನು ಎಡಗೈಯಲ್ಲಿ ದೂರ ಹಿಡಿದುಕೊಂಡು ಹೋಗಿ ಅಂಗಡಿಯ ಹುಡುಗನಿಗೆ ಒಪ್ಪಿಸುತ್ತಾರೆ. "ಒಳಕ್ಕೆ ಹೋಗಿದ್ದಕ್ಕೆ ರಿಯಾಯಿತಿ, ಹೊರಕ್ಕೆ ಉಬ್ಬಿದ್ದಕ್ಕೆ ಕಸದ ತೊಟ್ಟಿ." ರಾಯರ ಸಂವಿಧಾನದ ಮೊದಲ ಕಲಮು ಇದು.

ಎರಡನೆಯದು ಬೆರಳಿನ ಕಲಮು. ನೆಗ್ಗಿದ ಜಾಗದಲ್ಲಿ ಬೆರಳು ಹುದುಗುವಷ್ಟು ಆಳವಿದ್ದರೆ, ಅಥವಾ ಪೆಟ್ಟು ಅಂಚಿನ ಹೊಲಿಗೆಯ ಮೇಲೇ ಚೂಪಾಗಿ ಬಿದ್ದಿದ್ದರೆ, ಪುಕ್ಕಟೆ ಕೊಟ್ಟರೂ ಮುಟ್ಟುವುದಿಲ್ಲ. ಇದು ರಾಯರ ಸ್ವಂತ ಶೋಧವಲ್ಲ, ಅಮೆರಿಕದ ಕೃಷಿ ಇಲಾಖೆ ಹೇಳುವುದೂ ಇದನ್ನೇ. ಹೊಲಿಗೆಯಲ್ಲಿ ಕೂದಲೆಳೆಯ ಸಂದಾದರೂ ಸೂಕ್ಷ್ಮಾಣು ನುಸುಳೀತು. ಅವುಗಳ ಪೈಕಿ ಮಹಾಖಳ ಕ್ಲಾಸ್ಟ್ರಿಡಿಯಂ ಬೊಟುಲಿನಂ. ಇದಕ್ಕೆ ಗಾಳಿಯಿಲ್ಲದ ಜಾಗವೆಂದರೇ ಇಷ್ಟ, ಕುದಿಯುವ ನೀರಿಗೂ ಇದರ ಬೀಜಕಣ ಜಗ್ಗುವುದಿಲ್ಲ. ಕಾರ್ಖಾನೆಯವರು ಹುರುಳಿಕಾಯಿ, ಜೋಳ, ಕಡಲೆಯ ಡಬ್ಬಿಗಳನ್ನು ಒತ್ತಡದಲ್ಲಿಟ್ಟು ಸುಮಾರು 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುವುದು ಅದಕ್ಕೇ. ಹುಳಿ ಪದಾರ್ಥದಲ್ಲಿ, ಅಂದರೆ ಪಿಎಚ್ 4.6ಕ್ಕಿಂತ ಕೆಳಗಿದ್ದರೆ, ಅದರ ಆಟ ನಡೆಯದು. ಹೀಗಾಗಿ ಮಾವು, ಅನಾನಸಿನ ಮೇಲೆ ರಾಯರಿಗೆ ಪ್ರೀತಿ ಹೆಚ್ಚು, ಕಡಲೆಯ ಮೇಲೆ ಅನುಮಾನ ಹೆಚ್ಚು. ಹುಳಿ ಡಬ್ಬಿ ತಗಡನ್ನೇ ತಿನ್ನಲು ಶುರುಮಾಡುತ್ತದೆ, ಒಂದೂವರೆ ವರ್ಷದೊಳಗೆ ತೆಗೆಯಬೇಕು ಎಂದು ಅವರ ಹೆಂಡತಿ ನೆನಪಿಸಿದರೆ ಮಾತ್ರ ಕಿವಿ ಸ್ವಲ್ಪ ಮಂದವಾಗುತ್ತದೆ.

ಬಿಲ್ಲಿಂಗ್ ಕೌಂಟರಿನಲ್ಲಿ ರಾಯರ ಹಿಂದೆ ಮಾತ್ರ ನಿಲ್ಲಬೇಡಿ. ರಿಯಾಯಿತಿ ಚೀಟಿ ಅಂಟಿಸದ ಡಬ್ಬಿಯೊಂದನ್ನು ಎಲ್ಲಿಂದಲೋ ಹುಡುಕಿ ತಂದಿರುತ್ತಾರೆ. ಕೌಂಟರಿನ ಹುಡುಗಿ ಪಾಪ, ಬೇಸಿಗೆ ರಜೆಗೆ ಕೆಲಸಕ್ಕೆ ಬಂದವಳು, "ಹಿಂದೆ ಚೆನ್ನಾಗಿರೋದೇ ಇದೆ ಸರ್, ಬದಲಾಯಿಸಿ ಕೊಡಲಾ?" ಎನ್ನುತ್ತಾಳೆ. ಇಷ್ಟು ದೊಡ್ಡ ಅವಮಾನ ಬೇರೆ ಉಂಟೇ! ಮ್ಯಾನೇಜರ್ ಬರಬೇಕು, ನೆಗ್ಗು ನೋಡಬೇಕು, ಮೂವತ್ತು ಸೆಂಟು ಇಳಿಸಬೇಕು. ಅಷ್ಟರಲ್ಲಿ ಸಾಲು ಬ್ರೆಡ್ಡಿನ ಕಪಾಟಿನವರೆಗೆ ಬೆಳೆದಿರುತ್ತದೆ. ತಾವಾಗಿ ಯಾವ ಡಬ್ಬಿಯನ್ನೂ ಕೆಳಗೆ ಬೀಳಿಸಿದವರಲ್ಲ ಎಂದು ರಾಯರ ಪರವಾಗಿ ಸಾಕ್ಷಿ ಹೇಳಲು ನಾನು ತಯಾರಿಲ್ಲ.

ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಗೆ ಹೋಗಿಬಂದರೆ ರಾಯರ ಮುಖದಲ್ಲಿ ತಿರುಪತಿಗೆ ಹೋಗಿಬಂದ ಕಳೆ. ಅದು ಕುದುರೆಗಾಡಿಯಲ್ಲಿ ಓಡಾಡುವ ಆಮಿಶ್ ಜನರ ಸೀಮೆ. ಅಲ್ಲಿ ನೆಗ್ಗಿದ, ತಾರೀಖು ದಾಟುತ್ತಿರುವ, ಪೆಟ್ಟಿಗೆ ಹರಿದ ಸಾಮಾನನ್ನಷ್ಟೇ ಮಾರುವ ಅಂಗಡಿಗಳಿವೆ. ನ್ಯೂಜೆರ್ಸಿಯಿಂದ ಎರಡು ಗಂಟೆಯ ದಾರಿ. ಪೆಟ್ರೋಲು, ಟೋಲಿನ ಲೆಕ್ಕ ಕೇಳಬೇಡಿ, ಅದು "ಬೀಗರಿಗೆ ಊರು ತೋರಿಸಿದ ಬಾಬ್ತು" ಖಾತೆಗೆ ಹೋಗುತ್ತದೆ. ಮೈಸೂರಿನಿಂದ ಬಂದ ಬೀಗರು ಕುದುರೆಗಾಡಿಗಳನ್ನು ಐದು ನಿಮಿಷ ನೋಡಿ, ಡಬ್ಬಿಗಳನ್ನು ಎರಡು ಗಂಟೆ ನೋಡುತ್ತಾರೆ. "ನಮ್ಮ ದೇವರಾಜ ಮಾರ್ಕೆಟ್ಟಲ್ಲಿ ಕೊಳೆತ ಟೊಮೇಟೊ ಬೇಡ ಅಂತ ಆರಿಸ್ತೀವಿ. ಇಲ್ಲಿ ಬೀಗರು ಜಜ್ಜಿದ್ದೇ ಬೇಕು ಅಂತ ಆರಿಸ್ತಾರಲ್ಲೇ" ಎಂದು ಬೀಗಿತ್ತಿ ಮಗಳ ಕಿವಿಯಲ್ಲಿ ಕೇಳಿದರಂತೆ.

ಅಲ್ಲೇ ಒಂದು ಮೂಲೆಯಲ್ಲಿ ಲೇಬಲ್ ಕಳಚಿಹೋದ ಡಬ್ಬಿಗಳು ಇನ್ನೂ ಅಗ್ಗಕ್ಕೆ ಸಿಕ್ಕಿದ್ದವು. ಕುಲುಕಿ ನೋಡಿ ಒಳಗೇನಿದೆ ಎಂದು ಹೇಳಬಲ್ಲೆ ಎಂಬ ಧೈರ್ಯದ ಮೇಲೆ ರಾಯರು ಅವನ್ನೂ ತಂದರು. ಅಂದು ಸಂಜೆ ಹುಳಿಗೆ ಬೇಳೆ ಬೆಂದು, ಒಗ್ಗರಣೆ ಸಿಡಿದು, ಹುರುಳಿಕಾಯಿ ಎಂದು ತೆರೆದ ಡಬ್ಬಿಯಿಂದ ಸಕ್ಕರೆ ಪಾಕದಲ್ಲಿ ತೇಲುವ ಪೀಚ್ ಹಣ್ಣು ಹೊರಬಂತು. ಹೆಂಡತಿ ಒಂದು ಮಾತೂ ಆಡದೆ ಹೆಚ್ಚೆಚ್ಚು ಹುಣಿಸೆ ಹಿಂಡಿದರು. ಲೇಬಲ್ ಇಲ್ಲದ್ದು ಆ ಮನೆಗೆ ಮತ್ತೆ ಬರಲಿಲ್ಲ.

ಊಟಕ್ಕೆ ಕರೆದರೆ ಡಬ್ಬಿಯ ಚರಿತ್ರೆಯೂ ಬಡಿಸಲ್ಪಡುತ್ತದೆ. ನೆಪೋಲಿಯನ್ ಕಾಲದ ಫ್ರಾನ್ಸಿನಲ್ಲಿ ನಿಕೊಲಾ ಅಪೇರ್ ಎಂಬ ಮಿಠಾಯಿಗಾರ ಆಹಾರವನ್ನು ಗಾಜಿನ ಶೀಷೆಯಲ್ಲಿ ಬಿಗಿದು ಕುದಿಸಿ ಕೆಡದಂತೆ ಇಟ್ಟು, 1810ರಲ್ಲಿ ಸರ್ಕಾರದಿಂದ 12,000 ಫ್ರಾಂಕು ಬಹುಮಾನ ಪಡೆದ. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ತಗಡಿನ ಡಬ್ಬಿಗೆ ಪೇಟೆಂಟ್ ತೆಗೆದ. ಡಬ್ಬಿ ತೆರೆಯುವ ಉಪಕರಣ ಬಂದದ್ದು ಮಾತ್ರ ಸುಮಾರು ನಲವತ್ತೈದು ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಉಳಿ, ಸುತ್ತಿಗೆಯೇ ಗತಿ. "ಅಂದ್ರೆ ನೋಡಿ, ಆಗ ನೆಗ್ಗದ ಡಬ್ಬಿಯಿಂದ ಊಟ ಮಾಡಿದವನೇ ಇಲ್ಲ. ರಿಯಾಯಿತಿ ಒಂದು ಇರಲಿಲ್ಲ ಅಷ್ಟೆ" ಎಂದು ರಾಯರು ನಿಟ್ಟುಸಿರು ಬಿಡುತ್ತಾರೆ.

ಅವರ ಮನೆಯ ಪ್ಯಾಂಟ್ರಿ ಮೂಳೆ ಆಸ್ಪತ್ರೆಯ ವಾರ್ಡಿನಂತಿದೆ. ಎದುರಿನ ಸಾಲಿನಲ್ಲಿ 850 ಗ್ರಾಮಿನ ಮಾವಿನ ತಿರುಳಿನ ಡಬ್ಬಿಗಳು. ಕೃಷ್ಣಗಿರಿ, ಚಿತ್ತೂರಿನ ಕಡೆ ತುಂಬಿಸಿದ ಹಣ್ಣು ಲಾರಿ ಹತ್ತಿ, ಹಡಗು ಹತ್ತಿ, ಸಮುದ್ರ ದಾಟಿ ಬರುವಾಗ ಒಂದಷ್ಟು ಪೆಟ್ಟು ತಿನ್ನದೆ ಇದ್ದೀತೇ? ಅವನ್ನು ರಾಯರು ಯುಗಾದಿಗೆಂದು ಕಾಯ್ದಿಡುತ್ತಾರೆ. ಕೂಟದ ಹಬ್ಬದೂಟಕ್ಕೆ ಸೀಕರಣೆ ಪ್ರತಿವರ್ಷ ಅವರದ್ದೇ. ಏಲಕ್ಕಿ ಹದವಾಗಿರುತ್ತದೆ, ಹಾಲು ಧಾರಾಳವಾಗಿರುತ್ತದೆ, ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳುವುದಿಲ್ಲ. ತಿಂದು ಹೊಟ್ಟೆ ಕೆಟ್ಟವರ ಸುದ್ದಿ ಈವರೆಗೆ ಬಂದಿಲ್ಲ.

ನೀವೂ ಹೋಳಿಗೆಯ ಮೇಲೆ ಧಾರಾಳವಾಗಿ ಹಾಕಿಸಿಕೊಳ್ಳಿ. ಡಬ್ಬಿ ಎಷ್ಟಕ್ಕೆ ಬಿತ್ತು ಅಂತ ಮಾತ್ರ ಕೇಳಬೇಡಿ, ಹೋಳಿಗೆ ಆರಿಹೋಗುತ್ತದೆ.