ಎಸೆಯದೆ ಉಳಿದ ಚೆಂಡು

1949ರಲ್ಲಿ ನಮ್ಮ ಜಿಲ್ಲೆಯವರಿಗೆ ಬೆಂಗಳೂರೆಂದರೆ ಪರಸಂಸ್ಥಾನದ ಊರು. ಕಾರವಾರ, ಅಂಕೋಲೆ ಎಲ್ಲ ಮುಂಬಯಿ ಪ್ರಾಂತದೊಳಗೆ. ಹೈಕೋರ್ಟಿನ ಅಪೀಲಿಗೆ ಮುಂಬಯಿ, ನೌಕರಿಗೆ ಮುಂಬಯಿ, ಮನೆಯಲ್ಲಿ ಜಗಳವಾಡಿ ಓಡಿಹೋಗುವುದಕ್ಕೂ ಮುಂಬಯಿಯೇ. ನಡುವೆ ಪೋರ್ತುಗೀಜರ ಗೋವೆ ಅಡ್ಡಬಿದ್ದಿತ್ತು. ಮಳೆಗಾಲವೊಂದು ಬಿಟ್ಟರೆ ಕಾರವಾರದಲ್ಲಿ ಆಗಬೋಟು ಹತ್ತುವುದೇ ಸಲೀಸು. ಹಾಗಾಗಿ ಬ್ರೆಬೋರ್ನ್ ಸ್ಟೇಡಿಯಂನಲ್ಲಿ ವೆಸ್ಟ್ ಇಂಡೀಸ್ ಮೇಲೆ ನಡೆದ ಆ ಫೆಬ್ರುವರಿ ಟೆಸ್ಟನ್ನು ನಮ್ಮ ದೊಡ್ಡಪ್ಪ ಕೊನೆಯವರೆಗೂ ‘ನಮ್ಮೂರ ಮ್ಯಾಚು’ ಎಂದೇ ಕರೆಯುತ್ತಿದ್ದ. ಅವನು ಅದನ್ನು ಕಣ್ಣಾರೆ ಕಂಡನೋ, ರೇಡಿಯೋದಲ್ಲಿ ಕೇಳಿದನೋ, ಪೇಪರಿನಲ್ಲಿ ಓದಿದನೋ, ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಸರಣಿಯಲ್ಲಿ ನಾವು ಒಂದು ಸೋತು ಹಿಂದಿದ್ದೆವು. 1932ರಿಂದ ಆಡುತ್ತ ಬಂದರೂ ಒಂದೇ ಒಂದು ಟೆಸ್ಟ್ ಗೆದ್ದವರಲ್ಲ. ಈ ಸಲ ಬೇಕಾದದ್ದು 361. ಹಜಾರೆ 122 ಹೊಡೆದ, ರೂಸಿ ಮೋದಿ 86. ಎದುರಾಳಿ ನಾಯಕ ಗೊಡ್ಡಾರ್ಡ್‌ಗೆ ಆಗ ಗಡಿಯಾರದ ಮೇಲೆ ಪ್ರೀತಿ ಹುಟ್ಟಿತು. ಓವರುಗಳ ನಡುವೆ ಕಾಲಹರಣ. ಬ್ಯಾಟಿಗೆ ಎಟುಕದಷ್ಟು ದೂರ ಚೆಂಡು. ವಿಕೆಟ್ ಕೀಪರ್ ಸೇನ್ ಗಾಯಗೊಂಡು ಕೂತಿದ್ದ. ಕೊನೆಗೆ ಫಡಕರ್, ಗುಲಾಂ ಅಹಮದ್ ಇಬ್ಬರೇ. 8 ವಿಕೆಟಿಗೆ 355. ಇನ್ನು ಆರು ರನ್. ಓವರಿನಲ್ಲಿ ಒಂದು ಚೆಂಡು ಬಾಕಿ, ಗಡಿಯಾರದಲ್ಲಿ ಒಂದೂವರೆ ನಿಮಿಷ ಬಾಕಿ. ಅಂಪೈರು ಗಡಿಬಿಡಿಯಲ್ಲಿ ಬೇಲ್ಸ್ ಎತ್ತಿಬಿಟ್ಟ. ಮ್ಯಾಚು ಡ್ರಾ.

ಆ ಒಂದು ಚೆಂಡನ್ನು ಅಂಕೋಲೆಯ ಬಸ್‌ಸ್ಟ್ಯಾಂಡಿನ ಹತ್ತಿರದ ಚಾದಂಗಡಿಯಲ್ಲಿ ಎಷ್ಟು ಸಲ ಎಸೆದರೋ! ದೊಡ್ಡಪ್ಪ ಎದುರಿಗಿದ್ದ ಬನ್ಸ್‌ಗೆ ಮೂರು ಬೆಂಕಿಕಡ್ಡಿ ಚುಚ್ಚಿ ಸ್ಟಂಪು ನಿಲ್ಲಿಸುವನು. ಮೇಲೆ ಕಡ್ಡಿಯ ಎರಡು ಚೂರು. “ನೋಡು ತಮಾ, ಹೀಗೆ ಎತ್ತಿದ,” ಎಂದು ಎರಡು ಬೆರಳಲ್ಲಿ ಆ ಚೂರುಗಳನ್ನು ಎತ್ತುವಾಗ ಅವನ ಮುಖ ಜೇಬು ಕತ್ತರಿಸಿಕೊಂಡವನದು. ಎದುರು ಬೆಂಚಿನವರು ಎರಡು ಪಂಗಡ. ಫಡಕರ್ ಸಿಕ್ಸರ್ ಎತ್ತುತ್ತಿದ್ದ ಎನ್ನುವವರು ಕೆಲವರು. ಗೊಡ್ಡಾರ್ಡ್ ಆ ಚೆಂಡನ್ನೂ ಗೋವೆಯ ಗಡಿಯಾಚೆ ಹಾಕಿಸುತ್ತಿದ್ದ ಎನ್ನುವವರು ಕೆಲವರು. ಬ್ಯಾಟು ಹಿಡಿದು ಎದುರಿಗಿದ್ದವನು ಫಡಕರನೋ ಗುಲಾಂ ಅಹಮದನೋ ಎಂದು ಯಾರಾದರೂ ಬಾಯಿಬಿಟ್ಟರೆ ಇನ್ನೊಂದು ಚಾ. ಕಡ್ಡಿ ಚುಚ್ಚಿದ ಬನ್ಸ್ ಇನ್ನು ಯಾರಿಗೆ ಮಾರಲಿ ಎಂದು ಅಂಗಡಿಯವ ಗೊಣಗುವನು. ದೊಡ್ಡಪ್ಪ ಸ್ಟಂಪು ಕಿತ್ತು ಪಿಚ್ಚನ್ನು ತಿಂದು ಮುಗಿಸುವನು.

ಅಮೆರಿಕ ಸೇರಿದ ನಮ್ಮ ಭಾವ ರಜೆಗೆ ಬಂದಾಗ ಬೇಸ್‌ಬಾಲಿನ ಕತೆ ಹೇಳಿದ. 1951ರ ಅಕ್ಟೋಬರ್ 3, ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್. ಜೈಂಟ್ಸ್ ತಂಡ ಬ್ರೂಕ್ಲಿನ್ ಡಾಡ್ಜರ್ಸ್‌ಗೆ 4–2 ಹಿಂದೆ. ಕೊನೆಯ ಸರದಿಯಲ್ಲಿ ಬಾಬಿ ಥಾಮ್ಸನ್ ಒಂದೇ ಹೊಡೆತದಲ್ಲಿ ಮೂರು ರನ್ ತಂದು 5–4 ಮಾಡಿದ. ಆ ಆಟಕ್ಕೆ ಗಡಿಯಾರವೇ ಇಲ್ಲ, ಕೊನೆಯವನು ಔಟಾಗುವವರೆಗೆ ಎಷ್ಟು ಹೊತ್ತಾದರೂ ಆಡಬಹುದು ಎಂದ. ದೊಡ್ಡಪ್ಪ ಚಾದ ಬಸಿ ಕೆಳಗಿಟ್ಟ. ಗಡಿಯಾರವಿಲ್ಲದ ಆಟ! ಇದು ನಮಗೆ ಮೊದಲೇ ಗೊತ್ತಿದ್ದರೆ ಕ್ರಿಕೆಟ್ಟಿನ ಗೋಜಿಗೇ ಹೋಗುತ್ತಿರಲಿಲ್ಲವಲ್ಲ ಎಂದು ಅವನ ಸಂಕಟ. ಆದರೆ ಆ ವರ್ಷ ಜೈಂಟ್ಸ್‌ನವರು ದೂರದಿಂದ ದುರ್ಬೀನು ಹಿಡಿದು ಎದುರಾಳಿಯ ಸನ್ನೆ ಕದಿಯುತ್ತಿದ್ದರಂತೆ ಎಂದು ಭಾವ ಸೇರಿಸಿದ್ದೇ ತಡ, ಬೆಂಚಿಗೆ ಜೀವ ಬಂತು. ಕಾರವಾರದ ಕಡೆಯವರೊಬ್ಬರು, “ದುರ್ಬೀನು ಯಾಕೆ ಬೇಡ? ಅವತ್ತು ನಮ್ಮ ದೇವಗಡದ ದೀಪಸ್ತಂಭದಿಂದ ಯಾರಾದರೂ ಅಂಪೈರನ ವಾಚು ನೋಡಿದ್ದರೆ ಸಾಕಿತ್ತು,” ಎಂದರು. ದೊಡ್ಡಪ್ಪ ಅದನ್ನು ತಮಾಷೆ ಎಂದು ತೆಗೆದುಕೊಳ್ಳಲಿಲ್ಲ.

ಆ ಮುಂಬಯಿ ಮ್ಯಾಚಾಗಿ ಮೂರು ವರ್ಷದ ಮೇಲೆ, 1952ರ ಫೆಬ್ರುವರಿಯಲ್ಲಿ ಮದ್ರಾಸಿನಲ್ಲಿ ಹಜಾರೆಯ ತಂಡ ಇಂಗ್ಲೆಂಡನ್ನು ಇನ್ನಿಂಗ್ಸ್ ಅಂತರದಿಂದ ಬಡಿಯಿತು. ಮಾಂಕಡ್ ಒಬ್ಬನೇ 12 ವಿಕೆಟ್ ಕಿತ್ತ. ಭಾರತದ ಮೊಟ್ಟಮೊದಲ ಟೆಸ್ಟ್ ಗೆಲುವು ಅದು. ಅದರ ಬಗ್ಗೆಯೂ ಸ್ವಲ್ಪ ಹೇಳು ಎಂದು ನಾನು ದೊಡ್ಡಪ್ಪನನ್ನು ಕೇಳಿದ್ದುಂಟು.

“ಗೆದ್ರು,” ಎಂದ. ಮತ್ತೆ ಬೆಂಕಿಪೆಟ್ಟಿಗೆಗೆ ಕೈಹಾಕಿದ.